ಗೀಸರ್ ಕೆಟ್ಟಿದ್ದು ಬಾಡಿಗೆಯವರಿಂದಲ್ಲ, ಬೋರ್ ನೀರಿನಿಂದ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿಯಾಗುವ ದಿನ ಜಗಳ ಶುರುವಾಗುವುದು ಸಾಮಾನ್ಯವಾಗಿ ಬಚ್ಚಲುಮನೆಯಲ್ಲಿ. ಶವರ್‌ನ ಅರ್ಧ ತೂತುಗಳು ಮುಚ್ಚಿಹೋಗಿರುತ್ತವೆ, ನಲ್ಲಿಯ ಬುಡದಲ್ಲಿ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ, ಗೀಸರ್ ಹಾಕಿದರೆ ಒಳಗಿನಿಂದ ಕಟಕಟ ಸದ್ದು. ಸರಿಯಾಗಿ ನೋಡಿಕೊಂಡಿಲ್ಲ ಎಂದು ಮಾಲೀಕರು ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ. ನಿಮ್ಮ ಬೋರ್ ನೀರೇ ಹಾಗಿದೆ ಎಂದು ಮನೆ ಬಿಡುವವರು ಹೇಳುತ್ತಾರೆ. ಬಹಳಷ್ಟು ಸಲ ಅವರು ಹೇಳುವುದೇ ಸರಿ. ಅದನ್ನು ಒಪ್ಪದೆ ಹೆಚ್ಚು ದುಡ್ಡು ಕಳೆದುಕೊಳ್ಳುವವರು ಮಾಲೀಕರೇ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಾಗಲೆಲ್ಲ ನಲ್ಲಿ, ಶವರ್, ಗೀಸರ್ ಕಾಯಿಲ್ ಬದಲಿಸುತ್ತಾರೆ. ನೀರನ್ನು ಮಾತ್ರ ಒಮ್ಮೆಯೂ ಪರೀಕ್ಷೆ ಮಾಡಿಸಿರುವುದಿಲ್ಲ.

‘ದಿನಾ ತೊಳೆದಿದ್ದರೆ ಕಟ್ಟುತ್ತಿರಲಿಲ್ಲ’

ನಲ್ಲಿಯ ಮೈಯನ್ನು ದಿನಾ ಬಟ್ಟೆಯಲ್ಲಿ ಒರೆಸಿದರೆ ಹೊರಗಿನ ಹೊಳಪು ಉಳಿಯುತ್ತದೆ, ನಿಜ. ಒಳಗೆ ನಡೆಯುವುದು ಬೇರೆ. ಮಣ್ಣಿನಲ್ಲಿ ಇಳಿಯುವ ಮಳೆನೀರು ಕಾರ್ಬನ್ ಡೈಆಕ್ಸೈಡ್ ಸೇರಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೈಕಾರ್ಬನೇಟ್ ರೂಪದಲ್ಲಿ ಕರಗಿಸಿಕೊಳ್ಳುತ್ತದೆ. ಅದೇ ನೀರು ಗೀಸರ್‌ನಲ್ಲಿ ಕಾದಾಗ ಅನಿಲ ಹೊರಟುಹೋಗಿ, ಕರಗಿದ್ದ ಕ್ಯಾಲ್ಸಿಯಂ ಸುಣ್ಣದ ಕಲ್ಲಾಗಿ ಕಾಯಿಲ್ ಮೇಲೆ ಕೂರುತ್ತದೆ. ಅದು ಅಡುಗೆ ಉಪ್ಪಲ್ಲ. ಆಗಿದ್ದರೆ ನೀರಿನಲ್ಲೇ ತೊಳೆದುಹೋಗುತ್ತಿತ್ತು.

ಲೆಕ್ಕ ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್‌ವೆಲ್‌ದು 400 ಇದೆ, ಮನೆಯವರು ದಿನಕ್ಕೆ 100 ಲೀಟರ್ ಬಿಸಿನೀರು ಬಳಸುತ್ತಾರೆ ಎಂದುಕೊಳ್ಳಿ. ದಿನಕ್ಕೆ 40 ಗ್ರಾಂ, ವರ್ಷಕ್ಕೆ ಹದಿನಾಲ್ಕೂವರೆ ಕೆಜಿಯಷ್ಟು ಗಡಸು ಆ ಗೀಸರ್ ಮೂಲಕ ಹರಿಯುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲು ಒಳಗೆ ನಿಂತರೂ ಸುಮಾರು ಒಂದೂವರೆ ಕೆಜಿ ಕಲ್ಲು. ಎಷ್ಟೇ ಅಚ್ಚುಕಟ್ಟಿನ ಬಾಡಿಗೆದಾರರಿದ್ದರೂ ಅದನ್ನು ಒರೆಸಿ ತೆಗೆಯಲಾರರು. ಅವರು ಮಾಡಬಹುದಾದ ಒಂದು ಕೆಲಸ ಥರ್ಮೋಸ್ಟಾಟ್ ತಗ್ಗಿಸುವುದು. ನೀರು 60 ಡಿಗ್ರಿ ದಾಟಿದಂತೆ ಕಲ್ಲು ಕಟ್ಟುವ ವೇಗ ಹೆಚ್ಚುತ್ತದೆ. ಇದನ್ನು ಮನೆಗೆ ಬಂದ ದಿನವೇ ಅವರಿಗೆ ಹೇಳಬೇಕು.

‘ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ಅಷ್ಟೇ’

ಕರೆಂಟ್ ಗೀಸರ್ ವಿಷಯದಲ್ಲಿ ಈ ಮಾತು ಬಹುಪಾಲು ತಪ್ಪು. ಕಾಯಿಲ್ ನೀರಿನೊಳಗೇ ಮುಳುಗಿರುತ್ತದೆ. ಅದರ ಬಿಸಿ ಕಲ್ಲಿನ ಪದರ ದಾಟಿ ನೀರಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ಹಾಗಾಗಿ ಯೂನಿಟ್ ಹೆಚ್ಚು ಏರುವುದಿಲ್ಲ. ಆದರೆ ಬಿಸಿ ಹೊರಬರಲು ತಡವಾದಷ್ಟೂ ಕಾಯಿಲ್ ತಾನೇ ವಿಪರೀತ ಕಾದು, ಕೊನೆಗೆ ಸುಟ್ಟುಹೋಗುತ್ತದೆ. ಬಿಲ್ ಕಟ್ಟುವವರು ಬಾಡಿಗೆಯವರು, ಕಾಯಿಲ್ ಸಾಮಾನ್ಯವಾಗಿ ಮಾಲೀಕರದು. ಗಡಸು ನೀರಿನ ಪೆಟ್ಟು ಬೀಳುವುದು ಮಾಲೀಕರ ಜೇಬಿಗೇ.

ಕಾಯಿಲ್ ಬದಲಿಸಲು ಪ್ಲಂಬರ್ ಗೀಸರ್ ಬಿಚ್ಚಿದಾಗ ಒಳಗಿನ ಮೆಗ್ನೀಸಿಯಂ ಕಂಬಿಯನ್ನೂ ತೋರಿಸಲು ಹೇಳಿ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಕಂಬಿ ಅದು. ಆನೋಡ್ ರಾಡ್ ಎನ್ನುತ್ತಾರೆ. ಸವೆದು ತಂತಿ ಮಾತ್ರ ಉಳಿದಿದ್ದರೆ ಬದಲಿಸಲೇಬೇಕು. ಬಿಟ್ಟರೆ ಮುಂದೆ ಟ್ಯಾಂಕೇ ಸೋರುತ್ತದೆ, ಗೀಸರ್ ಪೂರ್ತಿ ಹೊಸದು ಬೇಕಾಗುತ್ತದೆ.

ಗ್ಯಾಸ್ ಗೀಸರ್ ಕಥೆ ಬೇರೆ. ಕಲ್ಲು ಕಟ್ಟಿದ ತಾಮ್ರದ ಸುರುಳಿಯಲ್ಲಿ ಉರಿಯ ಬಿಸಿ ನೀರಿಗೆ ಸೇರದೆ ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಗ್ಯಾಸ್ ನಿಜವಾಗಿಯೂ ಹೆಚ್ಚು ಖರ್ಚಾಗುತ್ತದೆ. ಸೋಲಾರ್‌ನಲ್ಲಿ ಹಲಗೆಯಂಥ ಫ್ಲಾಟ್ ಪ್ಲೇಟ್ ಮಾದರಿಯ ಸಣ್ಣ ತಾಮ್ರದ ಕೊಳವೆಗಳು ಬೇಗ ಮುಚ್ಚಿಕೊಳ್ಳುತ್ತವೆ. ಬೋರ್ ನೀರೊಂದೇ ಗತಿಯಾದ ಕಟ್ಟಡಕ್ಕೆ ಗಾಜಿನ ಕೊಳವೆಯದು, ಇಲ್ಲವೇ ಹೀಟ್ ಎಕ್ಸ್‌ಚೇಂಜರ್ ಇರುವುದು ಮೇಲು.

‘ಆ್ಯಸಿಡ್ ಹಾಕಿದರೆ ಹೊಸದರಂತಾಗುತ್ತದೆ’

ಮನೆ ಖಾಲಿಯಾದ ಮರುದಿನ ಆ್ಯಸಿಡ್ ತಂದು ಬಚ್ಚಲಿಗೆ ಸುರಿಸುವುದು ನಮ್ಮಲ್ಲಿ ರೂಢಿ. ಬಿಳಿ ಪದರ ನೊರೆಯಾಗಿ ಕರಗುವುದನ್ನು ನೋಡಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಆ್ಯಸಿಡ್ ಅಲ್ಲಿಗೆ ನಿಲ್ಲುವುದಿಲ್ಲ. ಟೈಲ್ಸ್ ಸಂದಿಯ ಸಿಮೆಂಟನ್ನು ತಿನ್ನುತ್ತದೆ, ಆ ಸಂದಿಯಿಂದ ನೀರು ಇಳಿದು ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುತ್ತದೆ. ನಲ್ಲಿಯ ಕ್ರೋಮ್ ಲೇಪ ಹೋಗಿ ಹಿತ್ತಾಳೆ ಕಾಣುತ್ತದೆ, ಮುಂದಿನ ಸಲ ಅದೇ ಜಾಗದಲ್ಲಿ ಇನ್ನೂ ಬೇಗ ಕಲ್ಲು ಕಟ್ಟುತ್ತದೆ. ಸ್ಟೀಲ್ ಸಿಂಕಿನಲ್ಲಿ ಚುಕ್ಕಿ ಬೀಳುತ್ತದೆ. ಮಾರ್ಬಲ್ ಅಂತೂ ಆ ಬಿಳಿ ಪದರದಂತೆಯೇ ಕ್ಯಾಲ್ಸಿಯಂ ಕಾರ್ಬನೇಟ್. ಕಲೆ ಹೋಗುವಾಗ ಕಲ್ಲೂ ಹೋಗುತ್ತದೆ. ಇನ್ನೊಂದು ಎಚ್ಚರ: ಆ್ಯಸಿಡ್ ಜೊತೆಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಲ್ಲಿ ತೊಳೆಯುವ ಕೆಲಸದವರ ಉಸಿರಿಗೇ ಅಪಾಯ.

ಶವರ್ ತಲೆಯನ್ನು ಬಿಚ್ಚಿ, ಬಿಸಿನೀರಿಗೆ ನಿಂಬೆ ಉಪ್ಪು ಅಥವಾ ವಿನೆಗರ್ ಬೆರೆಸಿ ಒಂದೆರಡು ಗಂಟೆ ಮುಳುಗಿಸಿಟ್ಟರೆ ಸಾಕು. ಹಳೇ ಟೂತ್ ಬ್ರಷ್‌ನಿಂದ ಉಜ್ಜಿದರೆ ತೂತುಗಳು ತೆರೆದುಕೊಳ್ಳುತ್ತವೆ. ಮಾರ್ಬಲ್‌ಗೆ ಮಾತ್ರ ಇದೂ ಬೇಡ.

‘ಸಾಫ್ಟ್‌ನರ್ ಹಾಕಿದರೂ ಟಿಡಿಎಸ್ ಇಳಿದಿಲ್ಲ, ಮೋಸ ಹೋದೆವು’

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವುದೆಲ್ಲದರ ಒಟ್ಟು ಲೆಕ್ಕ, ಅದು ಇಳಿಯುವುದೇ ಇಲ್ಲ. ಸಾಫ್ಟ್‌ನರ್ ಒಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಬದಲು ಸೋಡಿಯಂ ಬಿಡುತ್ತವೆ. ಟಿಡಿಎಸ್ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂಬುದರ ಮೇಲೆ ಅಂದಾಜು ಕೊಡುತ್ತದೆ, ಕರಗಿರುವುದು ಯಾವುದು ಎಂದು ಅದಕ್ಕೆ ತಿಳಿಯದು. ಗಡಸುತನ ಅಳೆಯಲು ಹನಿ ಹನಿಯಾಗಿ ಹಾಕಿ ಬಣ್ಣ ಬದಲಾಗುವುದನ್ನು ನೋಡುವ ಕಿಟ್ ಬೇಕು. ಅದೂ ಇಲ್ಲದಿದ್ದರೆ ಬಾಟಲಿಯಲ್ಲಿ ನೀರು, ಸ್ವಲ್ಪ ಸೋಪು ಹಾಕಿ ಕುಲುಕಿ: ಮೆದುನೀರಿನಲ್ಲಿ ನೊರೆ ನಿಲ್ಲುತ್ತದೆ, ಗಡಸು ನೀರಿನಲ್ಲಿ ಮೊಸರಿನ ಚೂರಿನಂಥ ಬಿಳಿ ಗಸಿ ಏಳುತ್ತದೆ.

ಸಾಫ್ಟ್‌ನರ್ ನಿಜವಾಗಿ ಸೋಲುವುದು ಉಪ್ಪು ತುಂಬದಿದ್ದಾಗ. ಕಾಲಕಾಲಕ್ಕೆ ಉಪ್ಪುನೀರಿನಿಂದ ತೊಳೆಯದಿದ್ದರೆ ರೆಸಿನ್ ಕೆಲಸ ನಿಲ್ಲಿಸುತ್ತದೆ, ನೀರು ಬಂದ ಹಾಗೆಯೇ ದಾಟಿಹೋಗುತ್ತದೆ. ನಾಲ್ಕು ಮನೆಯ ಕಟ್ಟಡದಲ್ಲಿ ಉಪ್ಪು ಹಾಕುವುದು ಯಾರ ಕೆಲಸ ಎಂದು ಗೊತ್ತು ಮಾಡದೆ ಸಾಫ್ಟ್‌ನರ್ ಕೊಳ್ಳಬೇಡಿ. ತೊಳೆದ ಉಪ್ಪುನೀರನ್ನು ಗಿಡಗಳಿಗೆ ಬಿಡಬೇಡಿ. ಪೈಪಿಗೆ ಸುತ್ತುವ ಆಯಸ್ಕಾಂತದ ಸಾಧನಗಳು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ. ನಾನಂತೂ ಆ ದುಡ್ಡನ್ನು ನೀರಿನ ಪರೀಕ್ಷೆಗೆ ಹಾಕಿ ಎನ್ನುತ್ತೇನೆ.

ಮನೆ ನೋಡಲು ಬಂದವರು ಗಡಸು ನೀರಿನಿಂದ ಕಿಡ್ನಿಯಲ್ಲಿ ಕಲ್ಲಾಗುತ್ತದೆಂದು ಹೆದರುವುದೂ ಉಂಟು. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣದ ಮಿತಿಯನ್ನೇ ಇಟ್ಟಿಲ್ಲ. ಫ್ಲೋರೈಡ್, ನೈಟ್ರೇಟ್ ವಿಷಯ ಬೇರೆ, ಅವನ್ನು ಪರೀಕ್ಷೆಯಲ್ಲಿ ನೋಡಲೇಬೇಕು.

‘ಕಾವೇರಿ ಬಂತಲ್ಲ, ಇನ್ನೇನು’

2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಕೊಡುವ ಯೋಜನೆ ಶುರುವಾಯಿತು. ಆದರೆ ಕಾವೇರಿ ನೀರು ಬೀಳುವುದು ಬೋರ್ ನೀರಿರುವ ಅದೇ ಸಂಪಿಗೆ. ಸಾಲದೆ ಬಂದಾಗ ಕರೆಸುವ ಟ್ಯಾಂಕರ್ ಸಾಮಾನ್ಯವಾಗಿ ಇನ್ನೊಂದು ಬೋರ್‌ವೆಲ್ ನೀರೇ. ಪೈಪಿನಲ್ಲಿ ಆಗಲೇ ಕಟ್ಟಿರುವ ಕಲ್ಲು ಕಾವೇರಿ ಬಂದ ಮಾತ್ರಕ್ಕೆ ಕರಗದು.

ಇನ್ನು ಅಡ್ವಾನ್ಸ್ ವಿಷಯ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರರನ್ನು ಹೊಣೆ ಮಾಡುವುದಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ನಲ್ಲಿ, ವಾಷರ್, ಗೀಸರ್ ರಿಪೇರಿಯನ್ನು ಬಾಡಿಗೆದಾರರ ಪಾಲಿಗೆ, ಪೈಪ್ ಬದಲಿಸುವುದನ್ನು ಮಾಲೀಕರ ಪಾಲಿಗೆ ಹಾಕುತ್ತದೆ. ಅದೂ ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಮತ್ತು ರಾಜ್ಯ ಅದನ್ನು ಕಾಯ್ದೆ ಮಾಡಿಕೊಂಡರೆ ಮಾತ್ರ. ಹಾಗಾಗಿ ಕರಾರಿನಲ್ಲೇ ಬರೆಯಿರಿ: ನೀರಿನ ಗಡಸುತನ ಎಷ್ಟು, ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿ ಶುಚಿ ಮಾಡಿಸುವುದು ಯಾರು, ಕಾಯಿಲ್ ಹೋದರೆ ಯಾರ ಖರ್ಚು.

ಗಡಸೇ ಇಲ್ಲದ ನೀರು ಚಾವಣಿಯ ಮೇಲೆ ಬೀಳುತ್ತದೆ. 30×40 ಸೈಟಿನಲ್ಲಿ ಕಟ್ಟುವ ಹೊಸ ಮನೆಗೂ ಮಳೆನೀರು ಸಂಗ್ರಹ 2009ರಿಂದಲೇ ಕಡ್ಡಾಯವಾಗಿದೆ, ಆದರೆ ಎಷ್ಟೋ ಕಡೆ ಆ ಪೈಪು ಚರಂಡಿಗೆ ಇಳಿದಿರುತ್ತದೆ. ಬೆಂಗಳೂರಿನ ವರ್ಷದ ಸುಮಾರು 970 ಮಿಲಿಮೀಟರ್ ಮಳೆಯಲ್ಲಿ 900 ಚದರಡಿ ಚಾವಣಿಯಿಂದ, ಸೋರಿಕೆ ಕಳೆದೂ, 65 ಸಾವಿರ ಲೀಟರ್ ಹತ್ತಿರ ಸಿಗುತ್ತದೆ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ಸಂಪಿಗೆ ಹರಿಸಿ. 400 ಗಡಸುತನದ ಬೋರ್ ನೀರಿಗೆ ಅಷ್ಟೇ ಮಳೆನೀರು ಸೇರಿದ ದಿನ ಗೀಸರ್‌ಗೆ ಹೋಗುವುದು 200ರ ನೀರು.