ಕುರಿಗಳ ಕೆಮ್ಮು: ಶ್ವಾಸಕೋಶ ಏನು ಹೇಳುತ್ತದೆ?

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಖುಷ್ಕಿ ಬೇಸಾಯಗಾರರಿಗೆ ಕುರಿ-ಮೇಕೆ ಸಾಕಣೆ ಒಳ್ಳೆಯ ಆಸರೆ. ಮಳೆ ಕೈಕೊಟ್ಟ ವರ್ಷ ಸಂಸಾರ ತೂಗಿಸುವುದು ಮಂದೆಯೇ. ಇಲ್ಲಿ ಮುಂಗಾರಿನ ಜೊತೆಗೆ ಹಿಂಗಾರು ಮಳೆಯೂ ಬೀಳುತ್ತದೆ. ಅದರ ಬೆನ್ನಿಗೇ ಚಳಿ ಬರುತ್ತದೆ. ನೆನೆದ ಕುರಿಗಳನ್ನು ಗಾಳಿಯಾಡದ ದೊಡ್ಡಿಯಲ್ಲಿ ಒತ್ತಾಗಿ ಕೂಡಿದರೆ ಕೆಮ್ಮು, ಸಿಂಬಳ ಕಾಣಿಸಿಕೊಳ್ಳುತ್ತವೆ. ಅನೇಕರು ಇದನ್ನು ಶೀತವೆಂದು ಬಗೆದು ಎಲ್ಲಕ್ಕೂ ಒಂದೇ ಔಷಧಿ ಕುಡಿಸುತ್ತಾರೆ. ಕೆಮ್ಮು ಒಂದೇ ಆದರೂ ರೋಗ ಒಂದೇ ಅಲ್ಲ. ಸತ್ತ ಕುರಿಯ ಶ್ವಾಸಕೋಶವನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿದರೆ ಉಳಿದ ಮಂದೆಯನ್ನು ಕಾಪಾಡುವ ದಾರಿ ತಿಳಿಯುತ್ತದೆ.

ಆರೋಗ್ಯವಂತ ಶ್ವಾಸಕೋಶ ನಸುಗೆಂಪಾಗಿ, ಮೆತ್ತಗೆ ಇರುತ್ತದೆ. ಒಳಗೆ ಗಾಳಿ ತುಂಬಿರುವುದರಿಂದ ಅದರ ತುಂಡು ನೀರಿನಲ್ಲಿ ತೇಲುತ್ತದೆ.

ನ್ಯುಮೋನಿಯ: ಈ ರೋಗದ ಕೆಲವು ಜೀವಾಣುಗಳು ಆರೋಗ್ಯವಾಗಿರುವ ಕುರಿಯ ಮೂಗು-ಗಂಟಲಿನಲ್ಲೂ ಇರುತ್ತವೆ. ಮಳೆ, ದೂರದ ಪ್ರಯಾಣ, ಮೇವಿನ ಕೊರತೆಯಿಂದ ಕುರಿ ಬಳಲಿದಾಗ ಅವು ಶ್ವಾಸಕೋಶಕ್ಕೆ ಇಳಿಯುತ್ತವೆ. ಗಾಳಿಗೂಡುಗಳಲ್ಲಿ ದ್ರವ, ಕೀವು ತುಂಬುತ್ತದೆ. ಶ್ವಾಸಕೋಶದ ಮುಂದಿನ ಕೆಳಭಾಗ ಕಡುಗೆಂಪಾಗಿ ಈಲಿಯಂತೆ ಗಟ್ಟಿಯಾಗುತ್ತದೆ. ಅದರ ತುಂಡು ನೀರಿನಲ್ಲಿ ಮುಳುಗುತ್ತದೆ. ಜ್ವರ ಮತ್ತು ಏದುಸಿರು ಕಂಡ ದಿನವೇ ಚಿಕಿತ್ಸೆ ಕೊಡಿಸಿದರೆ ಕುರಿ ಉಳಿಯಬಹುದು. ಕೀವುಗಟ್ಟಿದ ಮೇಲೆ ಗುಣವಾಗುವುದು ಕಷ್ಟ.

ಹಿರೇಬೇನೆ (ಪಿ.ಪಿ.ಆರ್.): ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1987ರಲ್ಲಿ, ನೆರೆಯ ತಮಿಳುನಾಡಿನಲ್ಲಿ. ಬಾಯಲ್ಲಿ ಹುಣ್ಣು, ಭೇದಿ, ಕಣ್ಣು-ಮೂಗಿನಲ್ಲಿ ಸೋರಿಕೆ ಇದರ ಲಕ್ಷಣಗಳು. ವೈರಾಣು ಉಸಿರುನಾಳದ ಒಳಪೊರೆಯನ್ನು ಹಾಳುಮಾಡುತ್ತದೆ. ಆ ಗಾಯದಲ್ಲಿ ಬೇರೆ ಜೀವಾಣುಗಳು ಸೇರಿ ನ್ಯುಮೋನಿಯ ಆಗುತ್ತದೆ. ವೈರಾಣುವಿಗೆ ಔಷಧಿಯಿಲ್ಲ, ಲಸಿಕೆಯಿದೆ. ಮರಿಗಳಿಗೆ 4 ತಿಂಗಳು ತುಂಬಿದ ಮೇಲೆ ತಪ್ಪದೆ ಹಾಕಿಸಬೇಕು.

ಶ್ವಾಸಕೋಶದ ಹುಳು: ಉಸಿರುನಾಳದ ನೊರೆಯಲ್ಲಿ ಬಿಳಿ ದಾರದಂತಹ ಹುಳುಗಳು ಕಾಣುತ್ತವೆ. ಸಾಮಾನ್ಯವಾಗಿ ಜ್ವರವಿರುವುದಿಲ್ಲ, ಕೆಮ್ಮು ವಾರಗಟ್ಟಲೆ ಇದ್ದು ಕುರಿ ಸೊರಗುತ್ತದೆ. ಇದಕ್ಕೆ ಜಂತುನಾಶಕ ಬೇಕು. ಕೆರೆಯಂಚಿನ ಜೌಗಿನಲ್ಲಿ, ಇಬ್ಬನಿ ಆರುವ ಮೊದಲು ಮೇಯಿಸಬಾರದು.

ಗೊಟ್ಟದಿಂದ ಬರುವ ರೋಗ: ಇದು ನಮ್ಮ ಕೈಯಾರೆ ಆಗುವ ಅನಾಹುತ. ತಲೆಯನ್ನು ಮೇಲಕ್ಕೆತ್ತಿ, ನಾಲಿಗೆ ಎಳೆದು ಹಿಡಿದು ಗೊಟ್ಟ ಹಾಕಿದರೆ ಔಷಧಿ ಶ್ವಾಸನಾಳಕ್ಕೆ ಇಳಿಯುತ್ತದೆ. ಶ್ವಾಸಕೋಶ ಕೊಳೆತು, ಉಸಿರು ನಾರಿ, ಕುರಿ ಸಾಯುತ್ತದೆ. ತಲೆಯನ್ನು ಬೆನ್ನಿನ ಮಟ್ಟಕ್ಕಿಂತ ಹೆಚ್ಚು ಎತ್ತದೆ, ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಕೆಮ್ಮಿದ ಕೂಡಲೇ ನಿಲ್ಲಿಸಿ ತಲೆ ಬಿಡಬೇಕು. ನುಂಗಲಾರದ ಕುರಿಗೆ ಗೊಟ್ಟ ಹಾಕಲೇಬಾರದು.

ನೀರುಗುಳ್ಳೆ: ಕುಯ್ದ ಕುರಿಯ ಶ್ವಾಸಕೋಶದಲ್ಲಿ, ಈಲಿಯಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಇವು ನಾಯಿಯ ಲಾಡಿಹುಳುವಿನ ಮರಿಗಳಿರುವ ಗೂಡುಗಳು. ಇಂತಹ ಭಾಗವನ್ನು ನಾಯಿಗೆ ಎಸೆದರೆ ನಾಯಿಯ ಕರುಳಲ್ಲಿ ಹುಳು ಬೆಳೆಯುತ್ತದೆ. ನಾಯಿಯ ಮಲದಲ್ಲಿನ ಮೊಟ್ಟೆ ಕೈ, ನೀರು, ಸೊಪ್ಪಿನ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ ನಮ್ಮ ಈಲಿ, ಶ್ವಾಸಕೋಶಗಳಲ್ಲೂ ಗುಳ್ಳೆ ಬೆಳೆಯುತ್ತದೆ. ಅಂತಹ ಭಾಗವನ್ನು ಆಳವಾಗಿ ಹೂಳಬೇಕು. ಸಾಕುನಾಯಿಗೂ ಜಂತುನಾಶಕ ಕೊಡಿಸಬೇಕು.

ಎಚ್ಚರಿಕೆ: ಕುರಿ ಹಠಾತ್ತನೆ ಸತ್ತು, ಹೊಟ್ಟೆ ಉಬ್ಬಿ, ಮೂಗು ಅಥವಾ ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ನೆರಡಿ ರೋಗವಿರಬಹುದು. ಆ ಹೆಣವನ್ನು ಕುಯ್ಯಬಾರದು, ಚರ್ಮ ಸುಲಿಯಬಾರದು. ನೆರಡಿ ರೋಗ ಮನುಷ್ಯರಿಗೂ ತಗಲುತ್ತದೆ. ಒಡನೆಯೇ ಪಶುವೈದ್ಯರಿಗೆ ತಿಳಿಸಬೇಕು.

ತೆರಕಣಾಂಬಿ ಸಂತೆಯಿಂದಾಗಲಿ, ಬೇರೆ ಕಡೆಯಿಂದಾಗಲಿ ತಂದ ಕುರಿಯನ್ನು 3 ವಾರ ಪ್ರತ್ಯೇಕವಾಗಿಟ್ಟು ಆಮೇಲೆ ಮಂದೆಗೆ ಬಿಡಿ. ದೊಡ್ಡಿಯ ನೆಲ ಒಣಗಿರಲಿ. ಮಳೆಯ ಎರಚಲು ತಪ್ಪಲಿ, ಗಾಳಿಯಾಡಲಿ. ಕೆಮ್ಮುವ ಕುರಿಯನ್ನು ಅಂದೇ ಬೇರ್ಪಡಿಸಿ, ಹತ್ತಿರದ ಪಶುವೈದ್ಯಶಾಲೆಗೆ ತೋರಿಸಿ. ಒಂದು ಕುರಿ ಸತ್ತ ಕಾರಣ ತಿಳಿದರೆ ಉಳಿದವನ್ನು ಉಳಿಸಿಕೊಳ್ಳಬಹುದು.