ಮಹಾಸ್ಫೋಟದ ಪಾದ್ರಿ

ಬ್ರಹ್ಮಾಂಡಕ್ಕೊಂದು ಆರಂಭವಿತ್ತು ಎಂದು ಭೌತವಿಜ್ಞಾನದ ಲೆಕ್ಕ ಹಿಡಿದು ಹೇಳಿದವರು ಯಾರು ಗೊತ್ತಾ? ಒಬ್ಬ ಕ್ಯಾಥೊಲಿಕ್ ಪಾದ್ರಿ. ಬೆಲ್ಜಿಯಂನ ಜಾರ್ಜ್ ಲೆಮೆತ್ರ್.

1923ರಲ್ಲಿ ಗುರುದೀಕ್ಷೆ. 1927ರಲ್ಲಿ, ಐನ್‌ಸ್ಟೈನರ ಸಮೀಕರಣಗಳಿಂದಲೇ ವಿಶ್ವ ಹಿಗ್ಗುತ್ತಿದೆ ಎಂದು ತೋರಿಸಿದರು. ಗಣಿತ ಸರಿ, ಭೌತವಿಜ್ಞಾನ ಮಾತ್ರ ಒಪ್ಪುವಂಥದ್ದಲ್ಲ ಅಂದುಬಿಟ್ಟರು ಐನ್‌ಸ್ಟೈನ್! ಲೆಮೆತ್ರ್ ಬಿಡಲಿಲ್ಲ. ಹಿಗ್ಗುತ್ತಿರುವುದನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಒಂದೆಡೆ ಸೇರಬೇಕಲ್ಲ? 1931ರಲ್ಲಿ ಆ ಮೊದಲ ಸ್ಥಿತಿಯನ್ನು ಆದಿಮ ಪರಮಾಣು ಎಂದು ಕರೆದರು. ಮಹಾಸ್ಫೋಟ (ಬಿಗ್ ಬ್ಯಾಂಗ್) ಸಿದ್ಧಾಂತದ ಬೀಜ ಇದೇ.

ಹಾಗಾದರೆ ಬೈಬಲ್ ಹೇಳುವ ಆರು ದಿನಗಳ ಸೃಷ್ಟಿ? ಆದಿಕಾಂಡದಲ್ಲಿ ಬೆಳಕು ಹುಟ್ಟೋದು ಮೊದಲ ದಿನ, ಸೂರ್ಯ ಬರೋದು ನಾಲ್ಕನೇ ದಿನ. ಸೂರ್ಯನೇ ಇಲ್ಲದ ಆ ಮೂರು ದಿನ ನಮ್ಮ ದಿನಗಳಂಥವೇ? ಸಂತ ಅಗಸ್ಟೀನ್ ಈ ಪ್ರಶ್ನೆಯನ್ನು ಸುಮಾರು 1,600 ವರ್ಷಗಳ ಹಿಂದೆಯೇ ಎತ್ತಿದ್ದರು. 24 ಗಂಟೆಯ ಲೆಕ್ಕದಲ್ಲೇ ಓದಬೇಕೆಂಬ ಹಟ ಅವರಿಗಿರಲಿಲ್ಲ.

1951ರಲ್ಲಿ ಪೋಪ್ 12ನೇ ಪಯಸ್, ಹೊಸ ವಿಜ್ಞಾನ ದೇವರ ಸೃಷ್ಟಿಗೇ ಸಾಕ್ಷಿ ಹೇಳುತ್ತಿದೆ ಎಂಬರ್ಥದಲ್ಲಿ ಭಾಷಣ ಮಾಡಿದರು. ಲೆಮೆತ್ರ್ ಹಿಗ್ಗಬೇಕಿತ್ತು, ಅಲ್ಲವೇ? ಇಲ್ಲ, ಅವರಿಗೆ ಕಸಿವಿಸಿಯಾಯಿತು. ತಮ್ಮ ಸಿದ್ಧಾಂತ ದೇವರನ್ನು ಸಾಬೀತು ಮಾಡುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಎಂಬುದು ಅವರ ನಿಲುವು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಪ್ರಾಮಾಣಿಕತೆಯೇ. ವಿಜ್ಞಾನದ ಲೆಕ್ಕ ನಾಳೆ ತಿದ್ದುಪಡಿಯಾಗಬಹುದು. ನಂಬಿಕೆಯನ್ನು ಅದಕ್ಕೆ ಕಟ್ಟಿಹಾಕಿದರೆ ಎರಡಕ್ಕೂ ಪೆಟ್ಟು.

ಮಹಾಸ್ಫೋಟದ ಉಳಿಕೆ ಶಾಖ ಪತ್ತೆಯಾದ ಸುದ್ದಿ 1965ರಲ್ಲಿ ಹೊರಬಿತ್ತು. ಮರುವರ್ಷ ಜೂನ್‌ನಲ್ಲಿ ತೀರಿಕೊಳ್ಳುವ ಮುನ್ನ ಅದು ಲೆಮೆತ್ರ್ ಅವರಿಗೂ ತಲುಪಿತ್ತು. ವಿಶ್ವ ಹಿಗ್ಗುವ ನಿಯಮವನ್ನು ಹಬಲ್-ಲೆಮೆತ್ರ್ ನಿಯಮ ಎಂದು ಕರೆಯುವಂತೆ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಶಿಫಾರಸು ಮಾಡಿತು.