ಜಿರಾಫೆಯ ಕೊರಳೂ ರಕ್ತದ ಒತ್ತಡವೂ

ಜಯನಗರದ ಮನೆಯಲ್ಲಿ ನಲ್ಲಿಯನ್ನು ತಿರುಗಿಸಿದೊಡನೆ ನೀರು ಸುರಿಯುವುದು ನಮಗೆ ಸೋಜಿಗವೆನಿಸುವುದಿಲ್ಲ. ಆದರೆ ಆ ಕಾವೇರಿಯ ನೀರು ಸುಮಾರು 500 ಮೀಟರುಗಳಷ್ಟು ಎತ್ತರವನ್ನು ಏರಿ ಬಂದುದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಪಂಪುಗಳು ಅದನ್ನು ಮೇಲಕ್ಕೆ ನೂಕುತ್ತವೆ.

ಬನ್ನೇರುಘಟ್ಟದ ಜೈವಿಕ ಉದ್ಯಾನದಲ್ಲಿ ಜಿರಾಫೆಯನ್ನು ಕಂಡವರು ಇಂಥದೇ ಪ್ರಶ್ನೆಯೊಂದನ್ನು ಕೇಳಬಹುದು. ಬೆಳೆದ ಜಿರಾಫೆಯ ಮಿದುಳು ಹೃದಯಕ್ಕಿಂತ ಒಂದೂವರೆ ಮೀಟರಿಗೂ ಹೆಚ್ಚು ಮೇಲಿದೆ. ಪಂಪು ಮಾತ್ರ ಒಂದೇ. ಹಾಗಾದರೆ ರಕ್ತವು ಅಲ್ಲಿಗೆ ಏರುವುದೆಂತು?

ರಕ್ತದ ಒತ್ತಡವನ್ನು ಮೊದಲು ಅಳೆದವನು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಕುದುರೆಯೊಂದರ ಧಮನಿಗೆ ಅವನು ಗಾಜಿನ ಕೊಳವೆಯನ್ನು ಜೋಡಿಸಿದಾಗ ರಕ್ತವು 8 ಅಡಿಗಳಿಗೂ ಮೇಲೇರಿ ನಿಂತಿತು. ಈ ಪ್ರಯೋಗವನ್ನು ಅವನು 1733ರಲ್ಲಿ ಪ್ರಕಟಿಸಿದನು. ಇಂದು ನಾವು ಅಷ್ಟೆತ್ತರದ ಕೊಳವೆಯನ್ನು ಬಳಸದೆ, ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುತ್ತೇವೆ. ಪಾದರಸವು ರಕ್ತಕ್ಕಿಂತ ಸುಮಾರು 13 ಪಟ್ಟು ಸಾಂದ್ರವಾದುದರಿಂದ, 13 ಸೆಂಟಿಮೀಟರ್ ಎತ್ತರದ ರಕ್ತವು 10 ಮಿಲಿಮೀಟರ್ ಪಾದರಸಕ್ಕೆ ಸಮತೂಗುತ್ತದೆ.

ಈಗ ಲೆಕ್ಕ ಮಾಡೋಣ. ನಿಂತಿರುವ ಮನುಷ್ಯನ ಮಿದುಳು ಹೃದಯಕ್ಕಿಂತ ಸುಮಾರು 30 ಸೆಂಟಿಮೀಟರ್ ಮೇಲಿದೆ. ಹೃದಯದ ಬಳಿ ಸರಾಸರಿ ಒತ್ತಡವು 95 ಇದ್ದರೆ, ಏರುವಾಗ 23ರಷ್ಟು ಕಳೆದು, ಮಿದುಳಿಗೆ 72 ಉಳಿಯುತ್ತದೆ. ಜಿರಾಫೆಯಲ್ಲಾದರೋ ಒಂದೂವರೆ ಮೀಟರನ್ನು ಏರುವುದಕ್ಕೇ ಸುಮಾರು 115 ಬೇಕು. ನಮ್ಮ ಹೃದಯದ ಒತ್ತಡವು ಅದಕ್ಕೆ ಸಾಲದು. ಆದುದರಿಂದಲೇ ಅದರ ಸರಾಸರಿ ಒತ್ತಡವು ಸುಮಾರು 200, ಎಂದರೆ ನಮ್ಮದರ ಇಮ್ಮಡಿ. ಇದಕ್ಕೆ ತಕ್ಕಂತೆ ಹೃದಯದ ಎಡ ಹೃತ್ಕುಕ್ಷಿಯ ಗೋಡೆಯೂ ಬಹಳ ದಪ್ಪ.

ಆದರೆ ತಲೆಗೆ ಕಳೆಯುವುದು ಕಾಲಿಗೆ ಕೂಡುತ್ತದೆ. ಪಾದದ ಬಳಿ ಒತ್ತಡವು 300ನ್ನು ಮೀರುತ್ತದೆ. ಆದರೂ ಕಾಲು ಊದಿಕೊಳ್ಳದಿರುವುದು ಏಕೆ? ಅಲ್ಲಿಯ ಧಮನಿಗಳ ಗೋಡೆ ದಪ್ಪ. ಚರ್ಮವು ಬಿಗಿದ ಪಟ್ಟಿಯಂತೆ ಕಾಲನ್ನು ಸುತ್ತಲೂ ಹಿಡಿದಿರುತ್ತದೆ. ನೀರು ಕುಡಿಯಲು ತಲೆ ಬಗ್ಗಿಸಿದಾಗ, ಕೊರಳಿನ ಸಿರೆಗಳಲ್ಲಿರುವ ಕವಾಟಗಳು ರಕ್ತವು ತಲೆಯತ್ತ ಹಿಮ್ಮರಳದಂತೆ ತಡೆಯುತ್ತವೆ.

ಇದು ಜಿರಾಫೆಯ ಮಾತು ಮಾತ್ರವೇ ಅಲ್ಲ. ಮನೆಯ ಹಿರಿಯರ ಒತ್ತಡವನ್ನು ನಾವು ಅಳೆಯುವಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ತೋಳಿಗೆ ಸುತ್ತಿದ ಪಟ್ಟಿಯು ಹೃದಯಕ್ಕಿಂತ 13 ಸೆಂಟಿಮೀಟರ್ ಕೆಳಗಿದ್ದರೆ, 130 ಇರುವಲ್ಲಿ 140 ಎಂದು ತೋರುತ್ತದೆ; ಅಷ್ಟೇ ಮೇಲಿದ್ದರೆ 120 ಎಂದು ತೋರುತ್ತದೆ. ಮೊದಲನೆಯದರಿಂದ ಇಲ್ಲದ ರೋಗಕ್ಕೆ ಮದ್ದು ನುಂಗಬೇಕಾದೀತು. ಎರಡನೆಯದರಿಂದ ಇರುವ ರೋಗವೇ ಮರೆಯಾದೀತು. ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ ಊರಿಸಿ ಕುಳ್ಳಿರಿಸುವುದು ಬರಿಯ ವಾಡಿಕೆಯಲ್ಲ, ಭೌತಶಾಸ್ತ್ರದ ನಿಯಮ.